ಬದನೆಹೂ ಬಣ್ಣದ ಸರ್ಪದ ಗೃಹಪ್ರವೇಶ

ಕಾಲವೆಂಬ ಕುಂಬಾರನ ತಿಗರಿಯ ಮೇಲೆ ಯುಗಗಳು ಮಡಕೆಗಳಂತೆ ತಿರುಗಿ ಒಡೆದುಹೋದರೂ ಮರೆಯಬಾರದ ಮಹಾಘಟನೆಯೊಂದನ್ನು ಸಕಲ ಲೋಕಗಳೂ ಚಿತ್ತವಿಟ್ಟು ಕೇಳಲಿ: ಹುಬ್ಬಳ್ಳಿಯ ಸೀರೆ ಅಂಗಡಿಯ ಗದಿಗೆಪ್ಪನು ಒಂದು ಹಾವು ತಂದನು.

ಸಹಸ್ರವರ್ಣವಿವೇಚನಾವಿಶಾರದನೂ, ಗಿಣಿಹಸಿರನ್ನು ಎಲೆಹಸಿರೆಂದವರನ್ನು ಗಲ್ಲಾದ ಮೇಲೆ ಕೂತಲ್ಲಿಂದಲೇ ತಿದ್ದಿದ ನೇತ್ರಬಲಭೀಮನೂ ಆದ ಆತನು, ಕೆಂಪುಮೈಯ ಕಾರ್ನ್ ಸ್ನೇಕ್ ಕುಲದಲ್ಲಿ ಅಪರೂಪಕ್ಕೊಮ್ಮೆ ಅವತರಿಸುವ, ಬದನೆಹೂವಿನ ತಿಳಿನೇರಳೆ ಬಣ್ಣದ, ವಿಷರಹಿತವೂ ಸರ್ಕಾರಿ ಕಾಗದಪತ್ರಸಹಿತವೂ ಆದ ಆ ಪರದೇಶದ ಸರ್ಪವನ್ನು ಕಂಡ ದಿನದಿಂದ ಉಂಡ ರೊಟ್ಟಿಯ ರುಚಿಯರಿಯದೆ ಏಳು ತಿಂಗಳು ತಪಿಸಿ, ಕಡೆಗೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯನ್ನು ರತ್ನಪಲ್ಲಕ್ಕಿಯಂತೆ ಎದೆಗವಚಿಕೊಂಡು ಆಟೋದಿಂದಿಳಿದನು. ಈ ಬಣ್ಣವಿಲ್ಲದ ಮನೆ ಇನ್ನು ಮನೆಯೇ ಅಲ್ಲವೆಂದು ದಾರಿಯುದ್ದಕ್ಕೂ ಘೋಷಿಸಿದ್ದನು. ಡಬ್ಬಿಯಲ್ಲೇನಿದೆಯೆಂದು ಕೇಳಿ ತಿಳಿದಿದ್ದ ಆಟೋದವನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಹೊಸ್ತಿಲಲ್ಲಿ ನಿಂತಿದ್ದಳು, ತನ್ನ ಈಳಿಗೆಮಣೆಗೆ ಮೊಟ್ಟೆಯ ಗಾಳಿಯನ್ನೂ ಸೋಕಗೊಡದ ಅಖಂಡಶಾಕಾಹಾರವ್ರತಧಾರಿಣಿ, ಆತನ ತಾಯಿ ಬಸಲಿಂಗವ್ವ.

ಆಕೆ ಬಹಳ ಹೊತ್ತು ನೋಡಿ, ಬಣ್ಣ ಛಲೋ ಐತಿ ಎಂದು ಒಪ್ಪಿದಳು. ಗದಿಗೆಪ್ಪನ ಎದೆಯಲ್ಲಿ ಜಯಭೇರಿ ಮೊಳಗಿತು. ಆಮೇಲೆ, ಇದು ನಾಗಪ್ಪನೋ ಬರೀ ಹುಳವೋ ಎಂದು ಕೇಳಿದಳು. ಹುಳವಾದರೆ ಒಳಗೆ ಜಾಗವಿಲ್ಲ; ನಾಗಪ್ಪನಾದರೆ ಪಂಚಮಿಗೆ ಕಲ್ಲಿಗೆ ಎರೆಯುವ ಹಾಲು ಇನ್ನು ಇವನಿಗೇ.

ವೀರನು ಎದೆಯುಬ್ಬಿಸಿದನು. "ನಾಗಪ್ಪನ ಯವ್ವಾ. ಅದೂ ಅಂತಿಂಥಾ ನಾಗಪ್ಪ ಅಲ್ಲ. ನನ್ನ ಅಂಗಡ್ಯಾಗ ಎಂಟು ಸಾವಿರ ಸೀರಿ ಅದಾವು, ಈ ಬಣ್ಣದ್ದು ಒಂದು ತಗದು ತೋರಸ್ಲಿ ಯಾರರ. ಇದನ್ನ ಗುರುತ ಹಿಡಿಯೋ ಕಣ್ಣು ಈ ಊರಾಗ ಎರಡ ಅದಾವು, ಎರಡೂ ನನ್ನ ಮಾರಿ ಮ್ಯಾಲೆ ಅದಾವು."

"ಹಾಲು ಕುಡೀತಾನಿಲ್ಲೋ?"

ತಾಯಿಯೆದುರು ಸುಳ್ಳಾಡಲರಿಯೆನೆಂದು ನಂಬಿದ್ದ ಆ ಸತ್ಯಸಂಧನು, ಹಾಲು ಒಗ್ಗುವುದಿಲ್ಲವೆಂದೂ, ಹದಿನೈದು ದಿನಕ್ಕೊಂದು ಸಣ್ಣ ಇಲಿ ಸಾಕೆಂದೂ ತಗ್ಗಿದ ದನಿಯಲ್ಲಿ ನಿವೇದಿಸಿದನು.

"ಗಣಪ್ಪನ ಗಾಡಿ ತಿನ್ನೋ ದೇವರು ಯಾವ ಊರಾಗ ಅದಾನೋ?" ಎಂದಳು ಬಸಲಿಂಗವ್ವ.

ಏಳು ತಿಂಗಳ ತಪಸ್ಸು ಹೊಸ್ತಿಲಾಚೆಯೇ ಮುಗಿಯಿತೆಂದು ಗದಿಗೆಪ್ಪ ಮತ್ತೆ ಆಟೋ ಹುಡುಕಲು ತಿರುಗಿದನು. ಆಗ ತಾಯಿ ಸೆರಗು ಸಿಕ್ಕಿಸಿಕೊಂಡು, ಮಜ್ಜಿಗೆ ಹುಳಿಯಾಯಿತೆಂದು ಹೇಳುವಷ್ಟೇ ನಿರಾಳವಾಗಿ ತೀರ್ಪಿತ್ತಳು: "ಇರೋದು ಮನ್ಯಾಗ ಇರಲಿ ಬಿಡು. ತಿನ್ನೋದು ಮಾತ್ರ ಇಲ್ಲಿ ಬ್ಯಾಡ. ರವಿವಾರ ನೀ ತುಂಡು ತಿನ್ನಾಕ ಎಲ್ಲಿ ಹೋಗ್ತೀಯೋ, ಇದನ್ನೂ ಅಲ್ಲೇ ಕರಕೊಂಡು ಹೋಗು."

ಇಪ್ಪತ್ತೆರಡು ವರ್ಷ ಏಲಕ್ಕಿ ಜಗಿದು ಕಾಪಾಡಿಕೊಂಡು ಬಂದಿದ್ದ ರಹಸ್ಯದುರ್ಗವು ಸದ್ದಿಲ್ಲದೆ ನೆಲಸಮವಾಯಿತು. ಎಂಟು ಸಾವಿರ ಸೀರೆಗಳ ಒಡೆಯನು "ಹೂಂ ಯವ್ವಾ" ಎಂದನು.

ಈಗ ಎರಡು ರವಿವಾರಕ್ಕೊಮ್ಮೆ ಗದಿಗೆಪ್ಪನೂ ಹಾವೂ ಗೆಳೆಯ ಹನುಮಂತಸಾನ ಸಾವಜಿ ಮಾಂಸದೂಟದ ಖಾನಾವಳಿಗೆ ಹೋಗುತ್ತಾರೆ. ಗದಿಗೆಪ್ಪ ಕೆಳಗೆ ಉಣ್ಣುತ್ತಾನೆ, ಹಾವು ಮಹಡಿಯ ಕೋಣೆಯಲ್ಲಿ. ಹಾವು ಅರಗಿಸಿಕೊಳ್ಳಲು ಎರಡು ದಿನ ಅಲ್ಲೇ ಉಳಿಯುತ್ತದೆ. ಗದಿಗೆಪ್ಪ ಸಂಜೆ ಮನೆಗೆ ಬರುತ್ತಾನೆ.