ಗುಂಡು ಹಾಕದ ಗೋಡೆ

ಇಟಲಿಯಲ್ಲಿ ನನ್ನ ಸೋದರಮಾವನಿಗೆ ಆಸ್ತಿ ಇದೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಾನೂ ನಂಬುವುದಿಲ್ಲ. ಆದರೆ ಬೆಂಗಳೂರಿನ ಹೂಡಿಯಲ್ಲಿರುವ ಅವರ ಮನೆಗೆ ಹೋದಾಗ ಅವರೆದುರಿಗೆ ಮಾತ್ರ ಹಾಗೆಂದುಬಿಡಬೇಡಿ, ಬಂದ ಕಾಫಿ ಲೋಟ ಹಾಗೇ ಒಳಕ್ಕೆ ವಾಪಸು ಹೋಗುತ್ತದೆ! ಮಾವ ಪಾಸ್‌ಪೋರ್ಟನ್ನು ಮುಟ್ಟಿದವರಲ್ಲ. ಅವರು ಕಂಡ ಸಮುದ್ರವೆಲ್ಲ ಟೀವಿಯಲ್ಲಿ ಕಂಡದ್ದು.

ಆದದ್ದಿಷ್ಟು. ಒಂದು ಕಾಲಕ್ಕೆ ಮಾವನ ರಾಗಿ ಹೊಲವಿದ್ದ ಜಾಗದಲ್ಲಿ ಒಂದು ಅಪಾರ್ಟ್‌ಮೆಂಟು ಎದ್ದಿತು. ಕಟ್ಟಿದವರು ಅದಕ್ಕೆ ‘ಪೀಸಾ’ ಎಂದು ಹೆಸರಿಟ್ಟರು. ಮಾವ ಗೇಟಿಗೆ ಹೋಗಿ ಸೆಕ್ಯೂರಿಟಿಯವನನ್ನು ಕೇಳಿದರು.

“ಪೀಸಾ ಅಂದ್ರೇನಪ್ಪಾ?”

“ತಿನ್ನೋದು ಸಾರ್. ಮೇಲೆ ಚೀಸ್ ಹಾಕಿರ್ತಾರೆ.”

ಎಂಥ ಅವಮಾನ! ತಾತನ ಕಾಲದಿಂದ ರಾಗಿ ಬೆಳೆದ ಹೊಲಕ್ಕೆ ಮೈದಾಹಿಟ್ಟಿನ ಹೆಸರೇ? ಮನೆಗೆ ಬಂದವರೇ ಮೊಬೈಲ್ ಹಿಡಿದು ಕೂತರು. ಪೀಸಾ ಇಟಲಿಯ ಒಂದು ಊರು, ಅಲ್ಲೊಂದು ಗೋಪುರ, ಆ ಗೋಪುರ ಸೊಟ್ಟ, ಆ ಸೊಟ್ಟ ಗೋಪುರವನ್ನು ವಿಶ್ವ ಪರಂಪರೆಯ ತಾಣವೆಂದು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡುತ್ತಿದ್ದಾರೆ ಎಂದು ತಿಳಿಯಿತು. ಅಂದಿನಿಂದ ಮಾವ ಬೇರೆಯೇ ಮನುಷ್ಯ.

“ನನ್ ಹೊಲ ಪೀಸಾ ಆಗೈತೆ ಅಂದ್ಮೇಲೆ ಪೀಸಾ ವಿಚಾರ ನಾನ್ ತಿಳ್ಕಳ್ದೆ ಇನ್ಯಾರು ತಿಳ್ಕಂತಾರೆ ಕಣೋ?” ಎಂದು ನನ್ನನ್ನು ಕೇಳಿದರು.

ತಿಳಿದುಕೊಂಡು ಸುಮ್ಮನಿದ್ದರೆ ಅವರು ನಮ್ಮ ಮಾವ ಹೇಗಾದಾರು! ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಆ ತೂಕದ ಗುಂಡೊಂದು ಅಟ್ಟದ ಮೇಲಿತ್ತು. ಅದನ್ನು ಹಿಡಿದು ದಿನಾ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಎದುರು ಒಂದು ಕಣ್ಣು ಮುಚ್ಚಿ ನಿಲ್ಲತೊಡಗಿದರು. ಅಲ್ಲಿನ ಸಂಘದ ಸೆಕ್ರೆಟರಿ ಗಾಬರಿಯಿಂದ ಇಳಿದು ಬಂದರು.

“ಏನ್ ಮಾಡ್ತಿದ್ದೀರಾ ಸಾರ್ ಇಲ್ಲಿ?”

“ದಿನಾ ಬೆಳಿಗ್ಗೆ ಗುಂಡು ಹಾಕ್ತೀನಿ ಸಾರ್. ನಿಮ್ ಬಿಲ್ಡಿಂಗು ವಸಿ ವಾಲ್ದಂಗೆ ಕಾಣ್ತೈತೆ.”

ಸೆಕ್ರೆಟರಿ ಹಿಂದೆ ಸರಿದು ನಿಂತರಂತೆ. “ಬಿಲ್ಡಿಂಗ್ ಸರಿಯಾಗೇ ಇದೆ ಸಾರ್. ಬೆಳಿಗ್ಗೆ ಬೆಳಿಗ್ಗೆನೇ ಹಾಕಿದ್ರೆ ಹಂಗೇ ಕಾಣ್ಸೋದು!”

ಪೀಸಾದಿಂದ ಶುರುವಾದ ಹುಚ್ಚು ಇಡೀ ಇಟಲಿಗೆ ಹಬ್ಬಿತು. ನಾನು ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಭಾನುವಾರ ಅವರ ಮನೆಗೆ ಹೋದರೆ, ಚಪ್ಪಲಿ ಬಿಡುವಷ್ಟರಲ್ಲೇ ಒಂದು ಹೊಸ ತಾಣ ತಯಾರಿರುತ್ತಿತ್ತು. ಒಂದು ದಿನ ಅತ್ತೆ ಪೊರಕೆ ಹಿಡಿದು ನಿಂತಿದ್ದಾರೆ, ಮಾವ ಎರಡೂ ಕೈ ಚಾಚಿ ಶೋಕೇಸಿಗೆ ಅಡ್ಡ ನಿಂತಿದ್ದಾರೆ! “ಜ್ವಾಲಾಮುಖಿ ಬೂದಿ ಮುಚ್ಕಂಡಿದ್ದಕ್ಕೇ ಕಣೇ ಪೊಂಪೆ ಊರು ಇವತ್ತಿಗೂ ಉಳ್ದಿರೋದು. ಧೂಳು ಮುಟ್ಬೇಡ!”

ಅತ್ತೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೈಗುಳ ಮುಗಿದ ಮೇಲೆ ಮಾವ ನನ್ನ ಕಿವಿಯಲ್ಲಿ, “ಇಟಲಿನಾಗೆ ಎಟ್ನಾ ಅಂತ ಒಂದು ಬೆಟ್ಟ ಐತೆ, ಬೆಂಕಿ ಉಗುಳ್ತದೆ. ಅದನ್ನೂ ಕಾಪಾಡ್ಕಂಡು ಬಂದವ್ರೆ. ನಾನೂ ಮದ್ವೆ ಆದಾಗ್ಲಿಂದ ಕಾಪಾಡ್ಕಂಡು ಬಂದಿವ್ನಿ” ಎಂದರು.

ಮಾದನಾಯಕನಹಳ್ಳಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಪಾಪ, ಆ ಮನೆಯ ಯಜಮಾನರು ಹೋಳಿಗೆ ಬಡಿಸುತ್ತಾ, “ಮನೆ ಹೆಂಗಿದೆ ಅಣ್ಣಾ?” ಎಂದು ಬಾಯಿತಪ್ಪಿ ಕೇಳಿಬಿಟ್ಟರು. ಮಾವ ಸುತ್ತಲೂ ನೋಡಿ ನಿಟ್ಟುಸಿರು ಬಿಟ್ಟರು. “ಎಲ್ಲಾ ನೆಟ್ಟಗೈತೆ ಕಣಪ್ಪಾ. ಏನ್ ಮಾಡದು, ಯಾವ ದೇಶದೋರೂ ನೋಡಕ್ ಬರಲ್ಲ!” ಅವರ ಎಲೆಗೆ ಎರಡನೇ ಹೋಳಿಗೆ ಬೀಳಲಿಲ್ಲ.

ನಗುವುದೆಲ್ಲ ಸರಿ, ಆದರೆ ಇದರಿಂದ ಅತ್ತೆಗೆ ನಿಜವಾದ ಕಷ್ಟ ಬಂದೊದಗಿತು. ಅವರಿಗೆ ಮಂಡಿನೋವು. ಬಚ್ಚಲಿರುವುದು ಹಿತ್ತಲಿನ ಆ ತುದಿಯಲ್ಲಿ. ಅಡುಗೆಮನೆಗೆ ಅಂಟಿಸಿ ಹೊಸ ಬಚ್ಚಲು ಕಟ್ಟಿಸಬೇಕೆಂಬುದು ಅವರ ಬಹುದಿನದ ಆಸೆ. ಅದಕ್ಕೆ ಅಡ್ಡವಾಗಿ ಒಂದು ಹಳೆಯ ಮಣ್ಣಿನ ಗೋಡೆ ನಿಂತಿತ್ತು. ಹೊಟ್ಟೆ ಮುಂದೆ ಬಂದು, ಬೆನ್ನು ಹಿಂದೆ ಹೋಗಿ, ಬೀದಿಯ ಕಡೆಗೆ ವಾಲಿದ ಗೋಡೆ. ಕೆಡವುತ್ತೇನೆಂದು ಅತ್ತೆ, ಮುಟ್ಟಕೂಡದೆಂದು ಮಾವ. “ಮಟೇರಾ ಅಂತ ಒಂದೂರು. ಬಡವ್ರು ಗುಹೆ ಒಳ್ಗೆ ಮನೆ ಮಾಡ್ಕಂಡಿದ್ರು. ಅದನ್ನೇ ಈವತ್ತು ಪ್ರಪಂಚ ಕಾಪಾಡ್ತೈತೆ. ನಮ್ ಗೋಡೆ ಏನ್ ಪಾಪ ಮಾಡೈತೆ?” ಎಂದು ವಾದಿಸಿದರು. ಗೋಡೆಗೆ ಒಂದು ಬೋರ್ಡೂ ಬಿತ್ತು: ‘ಸಂರಕ್ಷಿತ ಸ್ಥಳ. ಒರಗಬಾರದು.’

ಅತ್ತೆ ಬೋರ್ಡಿನ ಮೇಲೆ ಒದ್ದೆ ಟವೆಲ್ ಒಣಹಾಕಿದರು. ಮರುವಾರವೇ ಮೇಸ್ತ್ರಿಯನ್ನು ಕರೆಸಿದರು.

ನಾನೂ ಅಂದು ಅಲ್ಲಿದ್ದೆ. ಮೇಸ್ತ್ರಿ ಸಾಬಣ್ಣ ಯಾದಗಿರಿ ಕಡೆಯವನು, ಅದೇ ಬೀದಿಯ ಬಾಡಿಗೆ ರೂಮಿನಲ್ಲಿದ್ದ. ಮಾವ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಸಾಬಣ್ಣ ತನ್ನ ಗುಂಡು ಇಳಿಬಿಟ್ಟು ನೋಡಿದ. ದಾರ ಒಂದು ಕಡೆ, ಗೋಡೆ ಇನ್ನೊಂದು ಕಡೆ! ಅವನಿಗೆ ನಗು ತಡೆಯಲಿಲ್ಲ.

“ಯಾವ ಮೇಸ್ತ್ರಿ ಕಟ್ಯಾನ್ರೀ ಇದನ್ನ? ಗುಂಡು ಹಾಕದಂಗ ಕಟ್ಯಾನೋ, ಗುಂಡು ಹಾಕ್ಕೊಂಡು ಕಟ್ಯಾನೋ?”

ನಾನು ಹೊಟ್ಟೆ ಹಿಡಿದು ನಕ್ಕೆ. ಅತ್ತೆಯೂ ನಕ್ಕರು. ಮಾವನ ಮುಖ ಮಾತ್ರ ಕೆಂಪಾಯಿತು.

“ನಾನೇ ಕಟ್ಟಿದ್ದು ಕಣಯ್ಯ! ಕುಡ್ದಿರ್ಲಿಲ್ಲ. ಹೊಸ್ದಾಗಿ ಮದ್ವೆ ಆಗಿತ್ತು. ತುಂಬಿದ್ ಮನೆ, ಹಗ್ಲೊತ್ತು ಎಂಡ್ರು ಮಕ ನೋಡಂಗಿಲ್ಲ, ಮಾತಾಡಂಗಿಲ್ಲ. ಗೋಡೆ ಕಟ್ಟು ಅಂದ್ರು ನಮ್ಮಪ್ಪ. ಇವ್ಳು ಮಣ್ಣುಂಡೆ ಎತ್ತಿ ಕೊಡೋಳು, ನಾನು ಇಡ್ತಿದ್ದೆ. ನಾವು ಮೊದ್ಲು ಬಾಯ್ತುಂಬ ಮಾತಾಡಿದ್ದೇ ಇಲ್ಲಿ.” ನೆಲ ನೋಡುತ್ತಾ ಹೇಳಿದರು. “ಗುಂಡು ಕೈಯಾಗೇ ಇತ್ತು. ಅದನ್ನ ನೋಡೋ ಬದ್ಲು ಇವ್ಳ ಮಕ ನೋಡ್ತಿದ್ದೆ. ಅದ್ಕೇ ಸೊಟ್ಟ ಆಯ್ತು.”

ಅಷ್ಟು ವರ್ಷ ಇಟಲಿ ಇಟಲಿ ಎಂದು ಎಲ್ಲರ ತಲೆ ತಿಂದ ಮನುಷ್ಯ ಈ ಮಾತನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ! ಸಾಬಣ್ಣ ತನ್ನ ದಾರ ಸುತ್ತಿಕೊಂಡ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಹತ್ತಿರ ಹೋದರು. ಬೋರ್ಡಿನ ಮೇಲಿದ್ದ ಟವೆಲನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

“ಬಚ್ಚಲು ಆ ಕಡೆ ಪಡಸಾಲೆಗೆ ಅಂಟಿಸಿ ಕಟ್ಟಪ್ಪಾ. ಇವರು ಕೂತ್ಕೊಂಡು ಮೊಬೈಲ್ ನೋಡೋ ಜಾಗ ಹೋದ್ರೆ ಹೋಗ್ಲಿ” ಎಂದರು. ಆಮೇಲೆ ಮಾವನ ಕಡೆ ತಿರುಗಿದರು. “ಅಲ್ರೀ, ಆ ಇಟಲಿಯೋರು ಗೋಪುರಕ್ಕೆ ಏನ್ ಮಾಡಿದ್ರು ಅಂದ್ರಿ?”

ಬೇರೆ ದಿನವಾಗಿದ್ದರೆ ಮಾವ ಮಧ್ಯಾಹ್ನದ ಊಟದವರೆಗೆ ಹೇಳುತ್ತಿದ್ದರು. ಇವತ್ತು ಎರಡೇ ಮಾತು.

“ಬೀಳ್ದಂಗೆ ಬುಡ ಭದ್ರ ಮಾಡಿದ್ರು. ಸೊಟ್ಟ ಅಂಗೇ ಬಿಟ್ರು.”

“ಕೇಳುಸ್ತೇನಪ್ಪಾ ಸಾಬಣ್ಣ?” ಎಂದರು ಅತ್ತೆ. “ಬುಡ ಭದ್ರ ಮಾಡು. ಸೊಟ್ಟ ಮಾತ್ರ ನೆಟ್ಟಗೆ ಮಾಡ್ಬೇಡ.”