ನಾಟಿ ಹಾಡನ್ನು ತಿದ್ದಿಕೊಟ್ಟ ಗಣಕಯಂತ್ರದವರಿಗೆ

ಕುರುಗೋಡು,
ಆಗಸ್ಟ್ ೧೯೮೯

ಬಳ್ಳಾರಿಯ ಕಂಪ್ಯೂಟರ್ ತರಬೇತಿ ಕೇಂದ್ರದ ಒಳಕೋಣೆಯಲ್ಲಿ, ಊರಿಗೆಲ್ಲ ಇಲ್ಲದ ತಂಪಿನಲ್ಲಿ, ಗಾಜಿನ ಬಾಗಿಲಿನ ಹಿಂದೆ ವಿರಾಜಮಾನರಾಗಿರುವ ಗಣಕಯಂತ್ರ ಮಹಾಶಯರಿಗೂ, ತಮ್ಮ ಹೊಟ್ಟೆಯೊಳಗೆ ಫ್ಲಾಪಿ ಎಂಬ ಚಪ್ಪಟೆ ತಟ್ಟೆಯ ರೂಪದಲ್ಲಿ ಬಂದು ನೆಲೆಸಿರುವ ಸಂಗೀತ ಬರೆಯುವ ಪ್ರೋಗ್ರಾಮಿನವರಿಗೂ ಹಾರ್ಮೋನಿಯಂ ಮೇಷ್ಟ್ರು ಮರಿಬಸಪ್ಪನ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾನು ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ಕೇಂದ್ರದ ಅಂಜಿನಪ್ಪನವರನ್ನು ಆಗಾಗ ವಿಚಾರಿಸುತ್ತಿರುತ್ತೇನೆ. ಬಿಸಿಲಿಗೆ ತಮ್ಮ ತಲೆ ಕಾಯುತ್ತದೆಂದೂ, ಧೂಳು ತಮಗಾಗದೆಂದೂ, ಕರೆಂಟು ಏರಿಳಿದರೆ ಪ್ರಜ್ಞೆ ತಪ್ಪುತ್ತೀರೆಂದೂ ಅವರು ಹೇಳುತ್ತಾರೆ. ಬಿಸಿಲು, ಧೂಳು, ಏರಿಳಿಯುವ ಕರೆಂಟು ಈ ಮೂರಕ್ಕೂ ಹೆಸರಾದ ಬಳ್ಳಾರಿಯನ್ನೇ ಹುಡುಕಿಕೊಂಡು ಬಂದ ತಮ್ಮ ದೊಡ್ಡ ಮನಸ್ಸಿಗೆ ಮೊದಲು ಕೃತಜ್ಞತೆ ಸಲ್ಲಿಸಿ ವಿಷಯಕ್ಕೆ ಬರುತ್ತೇನೆ.

ಕಳೆದ ಜೂನ್ ತಿಂಗಳಲ್ಲಿ ನಾನು ನನ್ನ ಅಕ್ಕ ಚನ್ನವೀರಮ್ಮನನ್ನು ಕರೆದುಕೊಂಡು ತಮ್ಮ ದರ್ಶನಕ್ಕೆ ಬಂದಿದ್ದು ತಮಗೆ ನೆನಪಿರಬಹುದು. ಅವಳನ್ನು ಸಿರುಗುಪ್ಪದ ಕಡೆ ದೇಶನೂರಿಗೆ ಕೊಟ್ಟಿದೆ. ಮನೆಯಲ್ಲಿ ಕಾಲುವೆ ನೀರಿನ ಗದ್ದೆ ಇದೆ, ಆಳುಗಳಿದ್ದಾರೆ. ಆದರೂ ನಾಟಿಯ ದಿನ ಸೆರಗು ಸಿಕ್ಕಿಸಿ ಹೆಂಗಸರ ಸಾಲಿನಲ್ಲಿ ತಾನೇ ಮೊದಲು ಇಳಿಯುವವಳು. ಭತ್ತದ ಸಸಿ ಊರುತ್ತ ಸಾಲು ಹಿಂದೆ ಹಿಂದೆ ಸರಿಯುವಾಗ ಹಾಡು ಎತ್ತಿಕೊಡುವವಳೂ ಅವಳೇ. ಹಾಡುವುದಕ್ಕಾಗಲಿ ಬೈಯುವುದಕ್ಕಾಗಲಿ ಅಂಥ ಗಂಟಲು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಆ ಗಂಟಲಿನಲ್ಲೇ ಗಂಟು ಕಾಣಿಸಿಕೊಂಡಿತು. ಕೊಯ್ದು ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತಮ್ಮ ಬಳಿಗೆ ಬಂದ ದಿನದ ಮಾರನೆಯ ದಿನವೇ ಆಪರೇಷನ್ ಇತ್ತು. ದನಿಯ ಜತೆಗೆ ಆ ಹಾಡೂ ಹೋಗಿಬಿಟ್ಟರೆ ಎಂಬುದು ನನ್ನ ಚಿಂತೆ. ಅವಳ ಚಿಂತೆ ಮಾತ್ರ ಬೇರೆ: ಎತ್ತಿಕೊಡುವವರಿಲ್ಲದೆ ಈ ಸಲ ಸಾಲು ಹೇಗೆ ನಡೆದೀತು?

ಟೇಪು ಮಾಡಬಹುದಿತ್ತಲ್ಲ ಎಂದು ತಾವು ಕೇಳುವುದು ನ್ಯಾಯವೇ. ಆಗಲೇ ಅವಳ ದನಿ ಒಡೆದಿತ್ತು. “ಈ ಒಡಕು ದನಿ ಮಂದಿ ಕೇಳಾಕ ನಾ ಬಿಡಂಗಿಲ್ಲ, ತಗದಿಡೋ ಅದನ್ನ” ಎಂದು ಟೇಪ್ ರೆಕಾರ್ಡರಿಗೆ ಬೆನ್ನು ತಿರುಗಿಸಿದ್ದಳು. ಹಾರ್ಮೋನಿಯಂ ಮೇಲೆ ಸ್ವರ ಹಿಡಿದು ನಾನೇ ಬರೆಯಬಹುದಿತ್ತು. ಆದರೆ ತಾವು ಬರೆದುಕೊಂಡಿದ್ದನ್ನು ತಾವೇ ನುಡಿಸಿ ತೋರಿಸುತ್ತೀರಿ, ತಪ್ಪಿದ್ದರೆ ತಾವೇ ಎತ್ತಿ ಹೇಳುತ್ತೀರಿ ಎಂದು ಅಂಜಿನಪ್ಪನವರು ಬಾಯ್ತುಂಬ ಹೊಗಳಿದ್ದರಿಂದ, ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ತೊಳೆದು ಒಳಗೆ ಬಂದೆವು.

ತಪ್ಪು ಎತ್ತಿ ಹೇಳುವ ವಿಷಯದಲ್ಲಿ ಅಂಜಿನಪ್ಪನವರು ಒಂದಿಷ್ಟೂ ಉತ್ಪ್ರೇಕ್ಷೆ ಮಾಡಿರಲಿಲ್ಲ. ಅಕ್ಕ ಮೆಲ್ಲಗೆ ಹಾಡಿದ್ದಕ್ಕೆ ನಾನು ಸ್ವರ ಹೇಳಿ, ಅಂಜಿನಪ್ಪನವರು ಗುಂಡಿ ಒತ್ತಿ ಹಾಡಿನ ಮೊದಲ ಸಾಲು ಕೊಡುತ್ತಿದ್ದಂತೆಯೇ ತಾವು ಕೀ ಎಂದು ಕೂಗಿ, ತಾಳದ ಆವರ್ತದಲ್ಲಿ ಮಾತ್ರೆಗಳು ಹೆಚ್ಚಾಗಿವೆ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿದಿರಿ. ಕೊನೆಯ ಅಕ್ಷರದ ಎಳೆತವನ್ನು ಕೊಂಚ ಕತ್ತರಿಸಿ ಕೊಟ್ಟೆವು; ಮಾತ್ರೆಗಳು ಕಡಿಮೆಯಾಗಿವೆ ಎಂದಿರಿ. ಕತ್ತರಿಸಿದ್ದರಲ್ಲಿ ಅರ್ಧ ಮರಳಿ ಹಚ್ಚಿದೆವು. ಹಿಂದಿನ ತಪ್ಪು ಸರಿಪಡಿಸುವವರೆಗೆ ಮುಂದಿನ ತಪ್ಪು ತೋರಿಸಲಾಗುವುದಿಲ್ಲ ಎಂದಿರಿ. ಅಂಜಿನಪ್ಪನವರು ತಮ್ಮನ್ನು ಆರಿಸಿ ಮತ್ತೆ ಹೊತ್ತಿಸಿದರು, ತಟ್ಟೆಯನ್ನು ಹೊರಗೆ ತೆಗೆದು ಉಫ್ ಎಂದು ಊದಿ ಒಳಗೆ ಹಾಕಿದರು, ತಮ್ಮ ಬೆನ್ನು ಒರೆಸಿದರು. ಅಕ್ಕ ತನ್ನ ವಿಭೂತಿ ಗಟ್ಟಿಯಿಂದ ತಮ್ಮ ಹಣೆಗೆ ಒಂದು ಪಟ್ಟೆ ಎಳೆಯಲು ಹೋದಾಗ, ತಮಗೆ ಧೂಳು ಆಗದೆಂದು ನಾನೇ ತಡೆದೆ. ಅಷ್ಟರಲ್ಲಿ ಪ್ರಿಂಟರ್ ಕಾಣಿಸುತ್ತಿಲ್ಲ ಎಂದಿರಿ. ಅದು ತಮ್ಮ ಬಲಗಡೆ, ಮೊಳ ದೂರದಲ್ಲಿ, ತಮ್ಮದೇ ತಂತಿಗೆ ಕಟ್ಟಿಸಿಕೊಂಡು ಕೂತಿತ್ತು. ಇಷ್ಟು ಹತ್ತಿರದ್ದು ಕಾಣಿಸದವರಿಗೆ ದೇಶನೂರಿನ ಗದ್ದೆ ಕಾಣಿಸಬೇಕೆಂದು ಬಯಸುವುದು ಅತಿಯಾಸೆ ಎಂದು ನಾನು ಆಗಲೇ ಅರಿಯಬೇಕಿತ್ತು.

ಕೊನೆಗೆ ಅಂಜಿನಪ್ಪನವರು ಅಕ್ಕನನ್ನೇ ಕೇಳಿದರು: “ಅಮ್ಮಾರೆ, ಒಂದ್ ಸಾಲಿಗೆ ಎಷ್ಟು ಮಾತ್ರಿ ಅಂತ ಹಿಡೀಲ್ರಿ?”

“ಯಾವ ಗದ್ದಿಗಪ್ಪಾ?” ಎಂದಳು ಅಕ್ಕ.

ಅವರು ನನ್ನ ಮುಖ ನೋಡಿದರು. ಅಕ್ಕ ಗಂಟಲು ಹಿಡಿದುಕೊಂಡು ಮುಂದುವರಿಸಿದಳು: “ಕಾಲುವಿ ಕಡಿ ಗದ್ದಿ ಉದ್ದ ಐತಿ, ಊರ ಕಡಿದು ಗಿಡ್ಡ. ಬದು ಬರೂ ಮಟ ಹಾಡ್ತೀವಿ, ಬದು ಬಂದ ಮ್ಯಾಲೆ ಬಿಡ್ತೀವಿ. ಇದರಾಗ ಹೆಚ್ಚಿಗಿ ಯಾವುದು, ಕಡಿಮಿ ಯಾವುದು? ಅದಕ್ಕ ತಿಳಿಯಂಗಿಲ್ಲಂದ್ರ ಸುಮ್ಮನ ಕೂಡ್ರಾಕ ಹೇಳು.”

ಈ ವಿವರಣೆಯನ್ನು ತಮಗೆ ಒಪ್ಪಿಸಲು ತಮ್ಮ ಕೀಲಿಮಣೆಯಲ್ಲಿ ಯಾವ ಗುಂಡಿಯೂ ಇರಲಿಲ್ಲ. ಬದಲಿಗೆ ತಾವೇ ಅತ್ಯಂತ ಸೌಜನ್ಯದಿಂದ, ಹೆಚ್ಚುವರಿ ಮಾತ್ರೆಗಳನ್ನೆಲ್ಲ ಅಳಿಸಿಬಿಡಲೇ ಎಂದು ಕೇಳಿದಿರಿ. ಕರೆಂಟು ಹೋಗುವ ಹೊತ್ತು ಹತ್ತಿರವಾಗಿತ್ತು. ಅಂಜಿನಪ್ಪನವರು ಹೌದೆಂಬ ಗುಂಡಿ ಒತ್ತಿದರು. ತಾವು ಒಂದು ಸಲವೂ ಕೂಗದೆ ಇಡೀ ಹಾಡನ್ನು ಸಮಸಮ ಆವರ್ತಗಳಾಗಿ ಕತ್ತರಿಸಿ, ಅಲ್ಲಿಯವರೆಗೆ ಕಾಣದಿದ್ದ ಪ್ರಿಂಟರನ್ನೂ ಕಂಡುಹಿಡಿದು ಅಚ್ಚು ಹಾಕಿಕೊಟ್ಟಿರಿ. ತಪ್ಪುಗಳಿಲ್ಲ ಎಂದು ಪರದೆಯ ಮೇಲೆ ಬಂತು. ಹಾರ್ಮೋನಿಯಂ ಹಿಡಿದಂದಿನಿಂದ ನನ್ನ ಬಗ್ಗೆ ಯಾರೂ ಹೀಗೆ ಹೇಳಿರಲಿಲ್ಲವಾಗಿ, ನನಗೆ ಸಂತೋಷವಾದದ್ದನ್ನು ಮುಚ್ಚಿಡುವುದಿಲ್ಲ.

ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆಯೇ ಜೀವ ಉಳಿಯಿತು, ದನಿ ಹೋಯಿತು. ನಾಟಿ ಶುರುವಾಗುವ ಮುಂಚೆ ನಾನು ಹಾರ್ಮೋನಿಯಂ ಹೊತ್ತುಕೊಂಡು ದೇಶನೂರಿಗೆ ಹೋಗಿ, ಸಾಲಿನಲ್ಲಿ ಒಳ್ಳೆಯ ಕಂಠವಿದ್ದ ಹೊನ್ನೂರಮ್ಮ ಎಂಬ ಆ ಊರಿನ ಹೊಸ ಸೊಸೆಗೆ ತಾವು ಅಚ್ಚು ಹಾಕಿಕೊಟ್ಟಂತೆಯೇ, ಒಂದು ಮಾತ್ರೆ ಆಚೆ ಈಚೆ ಆಗದಂತೆ ಹಾಡನ್ನು ಕಲಿಸಿದೆ. ಜಾಣೆ, ಬೇಗ ಕಲಿತಳು.

ನಾಟಿಯ ದಿನ ಅಕ್ಕ ಕೊರಳಿಗೆ ಬಟ್ಟೆ ಸುತ್ತಿಕೊಂಡು ಬದುವಿನ ಮೇಲೆ ಕೂತಿದ್ದಳು, ನಾನು ಪಕ್ಕದಲ್ಲಿದ್ದೆ. ಹೊನ್ನೂರಮ್ಮ ಹಾಡು ಎತ್ತಿದಳು, ಸಾಲು ಸಸಿ ಊರುತ್ತ ಹಿಂದೆ ಸರಿಯಿತು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ತಮ್ಮ ಲೆಕ್ಕದ ಪ್ರಕಾರ ಮಾತ್ರೆಗಳು ಮುಗಿದವು, ಹಾಡು ನಿಂತಿತು. ಹಾಡು ನಿಂತರೆ ಸೊಂಟ ಎತ್ತಬೇಕು ಎಂಬುದು ಅಲ್ಲಿಯ ರೂಢಿ. ಅಷ್ಟು ಹೊತ್ತಿಗೆ ಬದು ಮುಟ್ಟಿದ್ದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತರು. ಗದ್ದೆಯ ನಡುವೆ ಒಬ್ಬಳೇ ಒಬ್ಬಳು ಬಗ್ಗಿಕೊಂಡು ಉಳಿದಿದ್ದಳು. ಅವಳು ಪಾರಮ್ಮ. ಅಕ್ಕನ ಓರಗೆಯವಳು, ಅಕ್ಕ ಗದ್ದೆಗಿಳಿದಂದಿನಿಂದಲೂ ಅದೇ ಸಾಲಿನ ಕೊನೆಯಲ್ಲಿ ಇರುವವಳು, ಮೊಣಕಾಲು ಹಿಡಿದುಕೊಳ್ಳುವ ಹೆಂಗಸು.

ಆಗ ನನಗೆ ತಿಳಿಯಿತು, ಮಾನ್ಯರೇ. ಅಕ್ಕ ಹೇಳಿದ ಬದು ಅವಳ ಹಿಮ್ಮಡಿಗೆ ತಾಕುವ ಬದುವಲ್ಲ, ಪಾರಮ್ಮನ ಹಿಮ್ಮಡಿಗೆ ತಾಕುವ ಬದು. ತಾನು ಬದು ಮುಟ್ಟಿದ ಮೇಲೂ ಪಾರಮ್ಮ ಬಂದು ಸೇರುವ ತನಕ ಅವಳು ಕೊನೆಯ ಅಕ್ಷರವನ್ನು ಎಳೆಯುತ್ತಿದ್ದಳು, ಹಾಡು ನಡೆದಿರುವಾಗ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಇಷ್ಟು ವರ್ಷ ಪಾರಮ್ಮ ಹಿಂದೆ ಬೀಳುತ್ತಾಳೆಂದು ದೇಶನೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾವು ತಪ್ಪು ತಿದ್ದಿದ ಮೇಲೆ ಎಲ್ಲರಿಗೂ ಗೊತ್ತಾಯಿತು.

ಪಾರಮ್ಮನಿಗೂ ಗೊತ್ತಿರಲಿಲ್ಲ. ಸುತ್ತ ನೋಡಿ, ಕೈಯಲ್ಲಿ ಸಸಿ ಹಿಡಿದುಕೊಂಡೇ ಬದುವಿನ ಕಡೆ ತಿರುಗಿ ಕೇಳಿದಳು: “ಅಕ್ಕಾ, ನಾ ಯಾವಾಗ್ಲೂ ಇಷ್ಟು ಹಿಂದ ಬೀಳ್ತಿದ್ನೇನು?”

ಅಕ್ಕ ಬಾಯಿ ತೆರೆದಳು. ಇಲ್ಲ ಎಂದು ಹೇಳಲು ಅವಳಿಗೆ ದನಿ ಇರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಪ್ರಾರ್ಥನೆ ಇಷ್ಟೇ. ಅಳಿಸಿದ ಮಾತ್ರೆಗಳನ್ನು ಮರಳಿ ಕೊಡಿ ಎಂದು ಕೇಳುವುದಿಲ್ಲ. ಅಳಿಸಿದ್ದು ತಮ್ಮಲ್ಲೂ ಉಳಿಯುವುದಿಲ್ಲವೆಂದು ಅಂಜಿನಪ್ಪನವರು ವಿವರಿಸಿದ್ದಾರೆ. ಅಳಿಸುವ ಕಲೆಯಲ್ಲಿ ತಮಗೆ ಇಷ್ಟೊಂದು ಪಳಗಿದ ಕೈ ಇರುವುದರಿಂದ, ಪಾರಮ್ಮ ಕೇಳಿದ ಆ ಒಂದು ಮಾತನ್ನು ಅವಳ ಮನಸ್ಸಿನಿಂದ ಅಳಿಸಿಕೊಡಬೇಕು. ಅದಕ್ಕೆ ಯಾವ ಗುಂಡಿ ಒತ್ತಬೇಕೆಂದು ಮರುಟಪಾಲಿನಲ್ಲಿ ತಿಳಿಸಿದರೆ ಸಾಕು, ಎಷ್ಟು ಸಲ ಬೇಕಾದರೂ ಒತ್ತುತ್ತೇನೆ.

ತಪ್ಪುಗಳಿಲ್ಲದ ಹಾಡಿನ ಒಡೆಯನೂ,
ತಮ್ಮ ವಿಶ್ವಾಸಿಯೂ ಆದ
ಮರಿಬಸಪ್ಪ

ತಾ.ಕ.: ಮರುದಿನದಿಂದ ಅಕ್ಕ ಬದುವಿನ ಮೇಲೆ ಕೈ ಎತ್ತಿ ನಿಲ್ಲುತ್ತಿದ್ದಾಳೆ. ಅವಳ ಕೈ ಇಳಿಯುವ ತನಕ ಹೊನ್ನೂರಮ್ಮ ಕೊನೆಯ ಅಕ್ಷರ ಬಿಡುವಂತಿಲ್ಲ. ಉಸಿರು ಸಾಲದೆ ಅವಳು ಅಡ್ಡ ಸ್ವರಕ್ಕೆ ಜಾರುತ್ತಾಳೆ, ಒಂದು ಸಾಲಿನಂತೆ ಇನ್ನೊಂದು ಇರುವುದಿಲ್ಲ, ತಾವು ಕೇಳಿದರೆ ಕೂಗಿ ಕೂಗಿ ಸುಸ್ತಾಗುವಷ್ಟು ತಪ್ಪುಗಳಿವೆ. ಖುದ್ದಾಗಿ ಬಂದು ತಿದ್ದುವ ಮನಸ್ಸಿದ್ದರೆ ಅಗತ್ಯವಾಗಿ ಬನ್ನಿ. ಆ ಗದ್ದೆಗಳಿಗೆ ಇನ್ನೂ ಕರೆಂಟು ಬಂದಿಲ್ಲ.