ಕಾಕಾನ ಜೀಪಿಗೆ ಮೂಗುದಾರ

ನಮ್ಮ ಕಾಕಾನಿಂದ ನೀವು ಏನನ್ನಾದರೂ ಕಲಿಯಬಹುದು, ಆದರೆ ಅವನಿಗೆ ಏನನ್ನೂ ಮಾರಬೇಡಿ. ಬೆರಳು ಉಳಿಯುವುದಿಲ್ಲ!

ಎತ್ತಿನ ಸಂತೆಯಲ್ಲಿ ಬಾಯಿ ಬಿಡದೆ, ಟವೆಲಿನ ಕೆಳಗೆ ಬೆರಳು ಮುಟ್ಟಿ ದರ ಹೇಳುತ್ತಾರಲ್ಲ, ಆ ವಿದ್ಯೆ ಕಾಕಾನ ರಕ್ತದಲ್ಲಿದೆ. ಎತ್ತು ಮಾರಿ ನಾಲ್ಕೂ ಗಾಲಿ ಎಳೆಯುವ ಜೀಪು ಕೊಂಡ ಮೇಲೂ ವಿದ್ಯೆ ಬಿಟ್ಟಿಲ್ಲ. ಫ್ಯಾನಿರಲಿ, ಮಿಕ್ಸರಿರಲಿ, ಸುತ್ತು ಹಾಕಿ, ಬೆನ್ನು ತಟ್ಟಿ, ಮುಖಕ್ಕೆ ಮುಖ ಕೊಟ್ಟು ನೋಡಿಯೇ ಕೊಳ್ಳುತ್ತಾನೆ. ನನ್ನನ್ನೂ ಒಮ್ಮೆ ಹಾಗೇ ನೋಡಿ, "ಈ ಹೋರಿ ನೇಗಿಲಕ್ಕ ಬರಂಗಿಲ್ಲ, ಬರೇ ಒದರತೈತಿ" ಎಂದು ತೀರ್ಪು ಕೊಟ್ಟ. ಸುಳ್ಳೇನಲ್ಲ. ಊರವರೆಲ್ಲರ ದನಿ ಅಣಕಿಸುವುದೇ ನನ್ನ ಉದ್ಯೋಗ. ಪಗಾರ ಮಾತ್ರ ಇನ್ನೂ ಶುರುವಾಗಿಲ್ಲ.

ಇಂಥ ಕಾಕಾನಿಗೆ ಒಬ್ಬಳೇ ಮಗಳು, ಭಾಗ್ಯಾ. ಹುಕ್ಕೇರಿಗೆ ಕೊಟ್ಟಿದ್ದಾರೆ. ಈಗ ಅವಳು ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲವೇ? ಆದರೆ ಬೀಗತಿಯ ಫೋನು ಬಂತು.

"ಮಳಿಗಾಲದಾಗ ನಿಮ್ಮ ತ್ವಾಟದ ಹಾದಿ ಹಾದಿ ಅಲ್ರಿ, ರಾಡಿ. ಬ್ಯಾನಿ ಬಂದ್ರ ಹುಡುಗೀನ ಹೆಗಲ ಮ್ಯಾಲ ಹೊತಗೊಂಡ ಹೋಗ್ತೀರೇನ? ಇಲ್ಲೇ ಇರ್ಲಿ."

ಬೀಗತಿಯ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ಕಲ್ಲೋಳಿಯ ಡಾಂಬರು ಬಿಟ್ಟು ನಮ್ಮ ತೋಟದ ಮನೆಯ ಕಡೆ ತಿರುಗಿದರೆ ಬರೀ ಎರೆಮಣ್ಣು. ಮಳೆಗಾಲದಲ್ಲಿ ಅದು ನುಂಗಿದ ಚಪ್ಪಲಿಯನ್ನೂ ತಿರುಗಿ ಕೊಡುವುದಿಲ್ಲ, ಜೀಪನ್ನೂ ಕೊಡುವುದಿಲ್ಲ! ಅಂದು ಕಾಕಾ ರೊಟ್ಟಿ ಮುರಿದು ಹಾಗೇ ಇಟ್ಟ. ಆಮೇಲೆ ಮೊಬೈಲಿನಲ್ಲಿ ಯಾವುದೋ ವಿಡಿಯೋ ತೋರಿಸಿದ. ಕೆಸರಿನಲ್ಲಿ ಹೂತ ಜೀಪೊಂದರ ಮುಂದೆ ದಪ್ಪ ಕಬ್ಬಿಣದ ಬಂಪರು. ಅದರೊಳಗಿನ ವಿಂಚು ಎಂಬ ರಾಟೆಯಿಂದ ಹಗ್ಗ ಬಿಚ್ಚಿ ಮುಂದಿನ ಮರಕ್ಕೆ ಕಟ್ಟಿದರು. ವಿಂಚು ಹಗ್ಗ ಸುತ್ತಿಕೊಂಡಂತೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಹೊರಬಂತು.

"ತಮ್ಮಾ, ನಮ್ಮ ಜೀಪಿಗೂ ಮೂಗುದಾರ ಹಾಕೂಣು!"

ಗೋಕಾಕದ ಅಂಗಡಿಯಲ್ಲಿ ಕಾಕಾ ಬಂಪರುಗಳ ಸಾಲಿನ ಮುಂದೆ ಸಂತೆಯಲ್ಲಿ ನಿಂತಂತೆಯೇ ನಿಂತ. ಒಂದರ ಬೆನ್ನು ತಟ್ಟಿದ. "ಇದು ಸೊರಗೇತಿ" ಎಂದ. ಇನ್ನೊಂದಕ್ಕೆ ಎರಡೂ ಕಡೆ ಕೊಂಬಿನಂತೆ ಪೈಪು ಎದ್ದಿದ್ದವು. "ಇದು ಹಾಯತೈತಿ, ಬ್ಯಾಡ." ಕೊನೆಗೆ ಎಲ್ಲಕ್ಕಿಂತ ದಪ್ಪದ್ದಕ್ಕೆ ಮನಸೋತ.

ಅಂಗಡಿಯ ಹುಡುಗ ಪ್ರಾಮಾಣಿಕ. "ಕಾಕಾರ, ಇದನ್ನ ರಸ್ತೆ ಮ್ಯಾಲ ಹೊಡದ್ರ ದಂಡ ಹಾಕ್ತಾರ್ರಿ."

"ನಮ್ಮ ಹಾದೀನ ರಸ್ತೆ ಅಂತ ಯಾರೂ ಇನ್ನೂ ಅಂದಿಲ್ಲೋ. ನೀ ಅಂದ್ರ ನಿನಗ ಹಾರ ಹಾಕ್ತೇನಿ!"

ಇನ್ನು ವಿಂಚು. ಹುಡುಗ ಎಷ್ಟೋ ಸಾವಿರ ಪೌಂಡು ಎಳೆಯುತ್ತದೆ ಎಂದು ಶುರುಮಾಡಿದ. ಕಾಕಾ ಕೈ ಅಡ್ಡ ಹಿಡಿದ. "ಪೌಂಡ್ ಬಿಡು. ಒಬ್ಬಾಕಿ ಬಸರ ಹೆಣಮಗಳು, ಆಕಿ ಅವ್ವ, ಒಂದ ಡಬ್ಬಿ ಉಂಡಿ. ಎಳೀತೈತೋ ಇಲ್ಲೋ? ಅವ್ವನ ತೂಕ ಜರಾ ಬ್ಯಾರೆ ಹಿಡಿ."

ಹಗ್ಗದಲ್ಲೂ ಎರಡು ಜಾತಿ: ಒಂದು ಉಕ್ಕಿನ ತಂತಿಯದು, ಒಂದು ನೂಲಿನಂಥ ಮೆತ್ತನೆಯದು. ಮೆತ್ತನೆಯದನ್ನು ನೋಡಿ ಕಾಕಾ, "ಇದ್ರ ಮ್ಯಾಲ ಧೋತರ ಒಣ ಹಾಕಬೇಕೇನ?" ಎಂದು ನಕ್ಕ.

"ತಂತಿ ಹರದ್ರ ಚಾಟಿ ಹಂಗ ಹಿಂದಕ ಬಡೀತೈತ್ರಿ. ಇದು ಅಷ್ಟ ಬಡಿಯಂಗಿಲ್ಲ."

ಕಾಕಾನ ನಗು ನಿಂತಿತು. "ಭಾಗ್ಯಾ ಒಳಗ ಕುಂತಿರತಾಳ. ಮೆತ್ತಂದ ಕೊಡು." ಹೀಗೆಂದು ಟವೆಲನ್ನು ಹುಡುಗನ ಕೈಮೇಲೆ ಹಾಸಿ ಬೆರಳು ಹಿಡಿದ.

ಹುಡುಗ ಬೆವರಿದ. "ಕಾಕಾರ, ಕೈ ಬಿಡ್ರಿ! ನನ್ನ ಮದವಿ ಫಿಕ್ಸ್ ಆಗೈತಿ!"

ಅಂತೂ ಜೀಪಿಗೆ ಬಂಪರು ಬಂತು, ವಿಂಚು ಬಂತು. ಜೊತೆಗೆ ಅವುಗಳ ತೂಕವೂ ಬಂತು! ಮೊದಲು ಮೊಣಕಾಲುದ್ದ ಹೂತುಹೋಗುತ್ತಿದ್ದ ಜೀಪು ಈಗ ಮೂಗು ಮುಂದಾಗಿ, ನಮಸ್ಕಾರ ಮಾಡುತ್ತಾ ಹೂತುಹೋಗತೊಡಗಿತು.

ಮೊದಲ ಮಳೆ ಬಿದ್ದ ಮೇಲೆ ಬೀಗತಿ ನಮ್ಮ ಹಾದಿಯ ಪರೀಕ್ಷೆಗೆ ಬಂದರು. ಡಾಂಬರಿನ ಅಂಚಿನಿಂದ ಕಾಕಾ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡ. ಸ್ಟೇರಿಂಗಿಗೆ ನಾನು. ಮನೆಯೆದುರಿನ ತಿರುವಿಗೆ ಬರುತ್ತಲೇ ಜೀಪು ನಮಸ್ಕಾರ ಮಾಡಿತು. ಕಾಕಾ ಖುಷಿಯಿಂದ ಜಿಗಿದು ಹಗ್ಗ ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತ. ಕಟ್ಟುವುದು ಯಾವುದಕ್ಕೆ? ವಿಡಿಯೋದಲ್ಲಿ ಮರವಿತ್ತು. ನಮ್ಮಲ್ಲಿ ಎಡಕ್ಕೆ ಕಬ್ಬು, ಬಲಕ್ಕೆ ಕಬ್ಬು! ಇಷ್ಟು ದಿನ ಬಂಪರಿನ ಬೆನ್ನು ತಟ್ಟಿದ ನಮ್ಮಿಬ್ಬರಲ್ಲಿ ಒಬ್ಬರ ತಲೆಗಾದರೂ ಇದು ಹೊಳೆಯಬೇಡವೇ?

ಮುಂದೆ ಕಂಡದ್ದು ದನದ ಶೆಡ್ಡಿನ ಕಂಬ. ಕಾಕಾ ಎಮ್ಮೆಯನ್ನು ಬಿಚ್ಚಿ ಬದಿಗೆ ನಿಲ್ಲಿಸಿ, ಕಂಬಕ್ಕೆ ಹಗ್ಗ ಕಟ್ಟಿ ವಿಂಚಿನ ರಿಮೋಟಿನ ಗುಂಡಿ ಒತ್ತಿದ. ವಿಂಚು ಗುರ್ರೆಂದಿತು. ಜೀಪು ಕದಲಲಿಲ್ಲ. ಕಂಬ ಹೊರಟಿತು, ಕಂಬದ ಹಿಂದೆ ಶೆಡ್ಡಿನ ತಗಡು ಹೊರಟಿತು! ಎಮ್ಮೆ ಮೆಲುಕು ಹಾಕುತ್ತ ತನ್ನ ಮನೆಯ ಮೆರವಣಿಗೆ ನೋಡಿತು. ಕಾಕಿ ಒಳಗಿನಿಂದ ಓಡಿ ಬಂದಳು.

"ಏ ಮನಶ್ಯಾನ, ಮನಿನಾದ್ರೂ ಬಿಡೋ!"

ಕಾಕಾ ಎದೆಗುಂದಲಿಲ್ಲ. "ನೋಡ್ರಿ ಅಕ್ಕಾರ, ತಾಕತ್ತ ಹೆಂಗೈತಿ!"

ಬೀಗತಿ ಸೆರಗು ಬಾಯಿಗೆ ಹಿಡಿದು ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಬಿದ್ದ ಶೆಡ್ಡನ್ನೂ ಮೈತುಂಬ ಕೆಸರಾದ ಕಾಕಾನನ್ನೂ ಸ್ವಲ್ಪ ಹೊತ್ತು ನೋಡಿದರು. "ಮಗಳ ಸಲುವಾಗಿ ಮನೀನ ಕಿತ್ತು ತರಾಕ ನಿಂತೀರಿ. ಇನ್ನ ಹೆಂಗ ಬ್ಯಾಡ ಅನ್ಲಿ? ಕಳಸ್ತೇನ್ರಿ. ಆದ್ರ ಮದಲ ಹಗ್ಗ ಕಟ್ಟಾಕ ಏನರ ನೆಡ್ರಿ!"

ನಾವು ಹಾದಿಯುದ್ದಕ್ಕೂ ಕಲ್ಲಿನ ಕಂಬ ನೆಟ್ಟೆವು. ಭಾಗ್ಯಾ ಬಂದಳು.

ನೋವು ಬಂದದ್ದು ಒಂದು ಬೆಳಿಗ್ಗೆ, ಜಡಿಮಳೆಯಲ್ಲೇ. ಘಟಪ್ರಭೆಯ ಆಸ್ಪತ್ರೆಗೆ ಒಯ್ಯಲು ಡಾಂಬರಿನ ಮೇಲೆ ಕಾರು ಕಾದಿತ್ತು. ಸ್ಟೇರಿಂಗಿಗೆ ಮತ್ತೆ ನಾನು. ಅದೇ ತಿರುವಿನಲ್ಲಿ ಜೀಪು ಹೂತುಹೋಯಿತು. ಕಾಕಾ ಇಳಿದು ಕಲ್ಲಿನ ಕಂಬಕ್ಕೆ ಹಗ್ಗ ಕಟ್ಟಿದ. ಬಳಿಕ ಹಗ್ಗದಿಂದ ದೂರ ಸರಿದು, ಭಾಗ್ಯಾಳ ಕಿಟಕಿಯ ಪಕ್ಕ ನಿಂತು, ಮಳೆಯಲ್ಲಿ ನೆನೆಯುತ್ತ ಗುಂಡಿ ಒತ್ತಿದ. ಹಗ್ಗ ಬಿಗಿಯಿತು. ಜೀಪು ಅಲುಗಿತು. ಎತ್ತಿಗೆ ಹೇಳುವ ದನಿಯಲ್ಲಿ ಕಾಕಾ ವಿಂಚಿಗೆ ಹೇಳುತ್ತಿದ್ದ: "ಸಾವಕಾಶ, ನನ್ನಪ್ಪಾ, ಸಾವಕಾಶ... ನಮ್ಮವ್ವ ಒಳಗ ಅದಾಳ."

ಕೂಸಿನ ತೊಟ್ಟಿಲಿಗೆ ಬಂದ ನೆಂಟರೆಲ್ಲ ನನ್ನನ್ನು ನಡುವೆ ನಿಲ್ಲಿಸಿ ಆ ಕತೆ ಆಡಿಸಿದರು. ಅಂಗಡಿಯ ಹುಡುಗನಾದೆ, ಬೀಗತಿಯಾದೆ, ಶೆಡ್ಡಾದೆ, ಎಮ್ಮೆಯೂ ಆದೆ. ತೊಟ್ಟಿಲ ಹತ್ತಿರ ಕುಳಿತ ಕಾಕಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. "ಇನ್ನ ಆ ಮಳ್ಯಾಗಿಂದ ಮಾಡಲೇ!" ಎಂದರು ಯಾರೋ.

"ಸಾವಕಾಶ..." ಎಂದೆ. ತೊಟ್ಟಿಲ ಕಡೆ ನೋಡಿ ಅಲ್ಲಿಗೇ ಬಿಟ್ಟೆ.

ಕಾಕಾ ತೊಟ್ಟಿಲ ಹಗ್ಗ ಜಗ್ಗುತ್ತಿದ್ದ, ಬಹಳ ಸಾವಕಾಶವಾಗಿ.